ನಡುವಿನ ಚೌಕ

ನಮ್ಮ ವರ್ಕ್‌ಶಾಪು ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟಡಕ್ಕೆ ಅಂಟಿಕೊಂಡಿತ್ತು. ಉದ್ದನೆಯ ಎರಡು ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಅಂಟಿನ ಡಬ್ಬಿ, ಚರ್ಮದ ಸುರುಳಿ, ನಾಲ್ಕು ಜನ ಕೆಲಸಗಾರರು. ಹಿಂದಿನದರಲ್ಲಿ ನೆಲದಿಂದ ಸೂರಿನವರೆಗೆ ಅಚ್ಚುಗಳು. ಅಂಗಡಿಯ ಬೂಟು ಯಾರ ಕಾಲಿಗೆ ಆಗುವುದಿಲ್ಲವೋ ಅವರು ನಮ್ಮಲ್ಲಿಗೆ ಬರುತ್ತಾರೆ. ಸೊಟ್ಟಗಾದ ಪಾದ, ಬೆರಳಿಲ್ಲದ ಪಾದ, ಒಂದಕ್ಕಿಂತ ಇನ್ನೊಂದು ಎರಡಂಗುಲ ಗಿಡ್ಡವಾದ ಪಾದ. ಮೊದಲು ಆ ಪಾದವನ್ನು ಇದ್ದ ಹಾಗೇ ಮರದಲ್ಲಿ ಕೆತ್ತಬೇಕು. ಅದೇ ಅಚ್ಚು. ಆಮೇಲೆ ಅದರ ಮೇಲೆ ಚರ್ಮ ಎಳೆದು ಬೂಟು ಹೊಲಿಯುವುದು. ಬೂಟು ಎರಡು ವರ್ಷಕ್ಕೆ ಸವೆಯುತ್ತದೆ. ಅಚ್ಚು ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ.

ಆ ಹಿಂದಿನ ಕೋಣೆಯನ್ನು ನಾನು ನೋಡಿಕೊಳ್ಳಲು ಶುರುಮಾಡಿ ಐವತ್ತು ವರ್ಷಕ್ಕೆ ಒಂದು ಕಡಿಮೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಕ್ಷರ ಕೂಡಿಸಿ ಓದುತ್ತೇನೆ, ಸಹಿ ಮಾಡುತ್ತೇನೆ. ಅಂಕಿಗಳು ಮಾತ್ರ ಚೆನ್ನಾಗಿ ಬರುತ್ತವೆ, ಯಾಕೆಂದರೆ ಪ್ರತಿ ಅಚ್ಚಿನ ಹಿಮ್ಮಡಿಯ ಹಿಂದೆ ಕಾದ ಕಬ್ಬಿಣದಿಂದ ಸುಟ್ಟ ಒಂದು ನಂಬರು ಇರುತ್ತದೆ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ಪದ್ಧತಿ ಇಟ್ಟಿದ್ದರು. ಯಾರಾದರೂ ತೀರಿಕೊಂಡರೆ ಅವರ ಅಚ್ಚನ್ನು ಒಲೆಗೆ ಹಾಕುವಂತಿಲ್ಲ. ಹೊಸಬರು ಬಂದಾಗ ಮೊದಲು ಹಳೆಯ ಅಚ್ಚುಗಳಲ್ಲಿ ಹುಡುಕಬೇಕು. ಹತ್ತಿರದ್ದು ಸಿಕ್ಕರೆ, ಹೆಚ್ಚಾದ ಕಡೆ ಅರದಿಂದ ಉಜ್ಜಿ, ಕಡಿಮೆಯಾದ ಕಡೆ ಚರ್ಮದ ತೇಪೆ ಅಂಟಿಸಿ ಹೊಸಬರ ಪಾದಕ್ಕೆ ತರಬೇಕು. ಹೊಸದು ಕೆತ್ತುವ ಮರ ಒಣಗಲಿಕ್ಕೇ ಎರಡು ವರ್ಷ ಬೇಕು, ಅಲ್ಲಿಯವರೆಗೆ ಅವರು ಬರಿಗಾಲಲ್ಲಿ ನಿಂತಿರಬೇಕೇ ಎನ್ನುತ್ತಿದ್ದರು. ಆದರೆ ಎಷ್ಟೇ ಉಜ್ಜಿದರೂ ಹಿಮ್ಮಡಿಯ ನಂಬರನ್ನು ಮುಟ್ಟಬಾರದು. ಅದು ಮೊದಲು ನಡೆದವರದು. ಗೊತ್ತಿಲ್ಲದೆ ಒಮ್ಮೆ ನಾನು ಒಂದು ನಂಬರು ಉಜ್ಜಲು ಹೋದಾಗ ಕೈಯಿಂದ ಅರ ಕಿತ್ತುಕೊಂಡು, "ಅವರು ಬಿಟ್ಟು ಹೋಗಿರೋದು ಅದೊಂದೇ. ಅದನ್ನೂ ಕೆರೆದು ಹಾಕ್ತೀಯಾ?" ಅಂದಿದ್ದರು.

ಒಳ್ಳೆಯ ಪದ್ಧತಿ. ಆದರೆ ಒಂದು ಎಡವಟ್ಟು ಇತ್ತು, ಅದು ನಮಗೆ ಐವತ್ತು ವರ್ಷ ಕಾಣಲೇ ಇಲ್ಲ. ಆಫೀಸಿನಲ್ಲಿ ಒಂದು ದಪ್ಪ ರಿಜಿಸ್ಟರು ಇದೆ. ಯಾವ ನಂಬರು ಯಾರದು ಎಂದು ಅಚ್ಚು ಕೆತ್ತಿದ ದಿನ ಅದರಲ್ಲಿ ಬರೆಯುತ್ತಾರೆ. ಆ ಕಾಲದಲ್ಲಿ ಹೆಸರಿಗಿಂತ ಕಸುಬನ್ನೇ ದೊಡ್ಡದಾಗಿ ಬರೆಯುತ್ತಿದ್ದರು: ಪೋಸ್ಟಿನವರು, ಬೇಕರಿಯವರು. ಅವರು ತೀರಿಕೊಂಡರೆ ಅಲ್ಲಿ ಒಂದು ಕೆಂಪು ಗೆರೆ, ಪಕ್ಕದಲ್ಲಿ ತಾರೀಖು. ಆಮೇಲೆ ಆ ಅಚ್ಚಿನ ಮೇಲೆ ಬೇರೆ ಯಾರು ನಡೆದರು, ಅಂದರೆ ಅದರಿಂದ ಹೊಲಿದ ಬೂಟು ಯಾರು ಹಾಕಿಕೊಂಡರು ಎನ್ನುವುದನ್ನು ಅದರಲ್ಲಿ ಬರೆಯಲು ಜಾಗವೇ ಇರಲಿಲ್ಲ. ಹೊಸಬರ ಕಾರ್ಡಿನಲ್ಲಿ ಮೇಸ್ತ್ರಿ "ಬಲಗಾಲು, ಅಚ್ಚು ಇದೆ" ಎಂದು ಬರೆದು ಸುಮ್ಮನಾಗುತ್ತಿದ್ದರು. ಯಾವ ಅಚ್ಚು ಎಂದು ಬರೆಯುತ್ತಿರಲಿಲ್ಲ. ಯಾಕೆ ಬರೆಯಬೇಕು, ನಾನಿದ್ದೆನಲ್ಲ. ಮೇಸ್ತ್ರಿ ಹೋದ ಮೇಲೆ ನಾನೂ ಹಾಗೇ ಮುಂದುವರಿಸಿದೆ. ಅಚ್ಚು ಕೈಗೆ ತೆಗೆದುಕೊಂಡರೆ ಸಾಕು, ಅದರ ಮೇಲೆ ನಡೆಯುವವರ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ಹೋದ ವರ್ಷ ಹೊಸ ಮ್ಯಾನೇಜರು ಬಂದರು. ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎರಡು ಕೋಣೆ ಬಟ್ಟೆ ಒಗೆಯುವವರಿಗೆ ಹೋಗುತ್ತದೆ, ನಮಗೆ ಮೊದಲ ಮಹಡಿಯಲ್ಲಿ ಒಂದೂವರೆ ಕೋಣೆ ಕೊಡುತ್ತಾರೆ, ರಿಜಿಸ್ಟರೆಲ್ಲ ಕಂಪ್ಯೂಟರಿಗೆ ಹೋಗುತ್ತದೆ ಎಂದು ತಿಳಿಸಿದರು. ಆಮೇಲೆ ರಿಜಿಸ್ಟರು ಹಿಡಿದುಕೊಂಡು ನನ್ನ ಕೋಣೆಗೇ ಬಂದರು. ಕೆಂಪು ಗೆರೆ ಬಿದ್ದ ಅಚ್ಚುಗಳನ್ನು ಪಟ್ಟಿ ಮಾಡಿಸಿದ್ದರು. ಇನ್ನೂರ ಹನ್ನೆರಡು. ಇವಕ್ಕೆ ಮೇಲೆ ಜಾಗ ಇಲ್ಲ, ಸೌದೆಯಾಗಿ ಆಸ್ಪತ್ರೆಯ ಬಾಯ್ಲರಿಗೆ ಕಳಿಸಿಬಿಡಿ ಅಂದರು.

ಅದರ ಮೇಲೆ ಬೇರೆಯವರು ನಡೆಯುತ್ತಿದ್ದಾರೆ ಸಾರ್ ಎಂದೆ. ಯಾರು ಎಂದು ಕೇಳಿದರು. ಹೇಳುತ್ತಾ ಹೋದೆ. ತೊಂಬತ್ತನೇ ನಂಬರಿನ ಅಚ್ಚಿನ ಮೇಲೆ ಲಿಫ್ಟಿನವರು, ನೂರಾ ಹನ್ನೆರಡರ ಮೇಲೆ ಟೈಲರ್ ಅಕ್ಕ, ಅದರ ಪಕ್ಕದ್ದರ ಮೇಲೆ ಕೋರ್ಟಿನ ಟೈಪಿಸ್ಟು. ಇಪ್ಪತ್ತು ಹೆಸರಿನವರೆಗೆ ತಾಳ್ಮೆಯಿಂದ ಕೇಳಿದರು.

"ಇದೆಲ್ಲ ಎಲ್ಲಿ ಬರೆದಿದೆ?" ಅಂದರು.

ನಾನು ತಲೆ ಮುಟ್ಟಿ ತೋರಿಸಿದೆ. ಅವರು ನಗಲಿಲ್ಲ.

"ಯಜಮಾನ್ರೇ, ನಾಳೆ ನಿಮಗೆ ಒಂದು ಜ್ವರ ಬಂದು ಮಲಗಿದ್ರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಬರೆದದ್ದು ತೋರಿಸಿ. ತೋರಿಸಿದ್ರೆ ಒಂದನ್ನೂ ಮುಟ್ಟಲ್ಲ."

ಹನ್ನೆರಡು ದಿನ ಕೊಟ್ಟರು.

ಅವರು ಹೋದ ಮೇಲೆ ಪಟ್ಟಿ ಹಿಡಿದು ಒಂದೊಂದೇ ಅಚ್ಚನ್ನು ಕೈಗೆ ತೆಗೆದುಕೊಳ್ಳುತ್ತಾ ಬಂದೆ. ಎಲ್ಲ ಮುಖಗಳೂ ಬಂದವು. ಮುನ್ನೂರ ಹದಿನೆಂಟಕ್ಕೆ ಬಂದೆ. ಎಡಗಾಲು, ಹೆಬ್ಬೆರಳಿನ ಬುಡದಲ್ಲಿ ನನ್ನ ಕೈಯಿಂದಲೇ ಅಂಟಿಸಿದ ಕಂದು ತೇಪೆ. ಮುಖ ಬರಲಿಲ್ಲ. ತಿರುಗಿಸಿ ನೋಡಿದೆ, ಕಣ್ಣುಮುಚ್ಚಿ ಬೆರಳಾಡಿಸಿದೆ. ತೇಪೆ ನನ್ನದೇ, ಅಂಟಿಸಿದ ದಿನ ಕಿಟಕಿಯ ಗಾಜು ಒಡೆದಿತ್ತು, ಅದು ನೆನಪಿದೆ. ಯಾರಿಗಾಗಿ ಅಂಟಿಸಿದೆ ಎನ್ನುವುದು ಮಾತ್ರ ಒರೆಸಿ ಹಾಕಿದ ಹಾಗೆ ಹೋಗಿತ್ತು. ಆವತ್ತಿನವರೆಗೆ ನನಗೆ ಹೀಗೆ ಆಗಿರಲಿಲ್ಲ. ಮ್ಯಾನೇಜರು ಹೇಳಿದ ಜ್ವರ ಬರಬೇಕಾಗಿಯೇ ಇಲ್ಲ, ಅದು ಬಂದಾಗಿದೆ ಅನ್ನಿಸಿತು.

ಎರಡು ದಿನ ಹೊಟ್ಟೆಯೊಳಗೇ ಇಟ್ಟುಕೊಂಡೆ. ನಮ್ಮವಳು ಊಟದ ತಟ್ಟೆ ನೋಡಿ, "ಏನ್ರೀ, ಅನ್ನದ ಹತ್ರ ಜಗಳ ಆಡಿದ್ದೀರಾ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ನಮ್ಮ ಸೊಸೆ ಬೆಳಿಗ್ಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಸಂಜೆ ಡೇಟಾಬೇಸ್ ಕ್ಲಾಸಿಗೆ ಹೋಗುತ್ತಾಳೆ. ಬಂದವಳೇ ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಾಕಿಕೊಂಡು ಚೌಕಗಳನ್ನು ಬರೆಯುತ್ತಾಳೆ, ಗೆರೆ ಎಳೆಯುತ್ತಾಳೆ, ಅಳಿಸುತ್ತಾಳೆ. ಮೇಜಿನ ಮೇಲೆ ರಬ್ಬರಿನ ಪುಡಿ ನೋಡಿ ಅತ್ತೆ ಗೊಣಗುವುದು, ಸೊಸೆ ಸೆರಗಿನಿಂದ ಒರೆಸುವುದು, ಇದು ದಿನದ ಪಾಠ. ಆ ವಾರ ಅವಳ ಮೇಷ್ಟ್ರು, ಅವಳು ಬರೆದ ಲೈಬ್ರರಿಯ ಚಿತ್ರವನ್ನು ಎರಡನೇ ಸಲ ವಾಪಸ್ಸು ಕಳಿಸಿದ್ದರು. ಅವಳೂ ನನ್ನ ಹಾಗೇ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು.

ಮೂರನೆಯ ಸಂಜೆ ಅವಳ ಎದುರು ಕೂತು, ಇದೇನು ಚಿತ್ರ ಎಂದು ಕೇಳಿದೆ. ಇ-ಆರ್ ಡಯಗ್ರಾಂ ಎಂದಳು. ಕಂಪ್ಯೂಟರಿಗೆ ಏನನ್ನಾದರೂ ನೆನಪಿಟ್ಟುಕೋ ಎಂದು ಹೇಳುವ ಮೊದಲು, ಏನೇನು ನೆನಪಿಡಬೇಕು, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕಂತೆ. ಇಲ್ಲದಿದ್ದರೆ ಆಮೇಲೆ ಬರೆಯಲು ಜಾಗ ಇರುವುದಿಲ್ಲವಂತೆ.

ಜಾಗ ಇರುವುದಿಲ್ಲ ಎನ್ನುವ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಆಗ ಎಲ್ಲ ಹೇಳಿದೆ. ರಿಜಿಸ್ಟರು, ಕೆಂಪು ಗೆರೆ, ಬಾಯ್ಲರು. ಕೊನೆಗೆ ಮುನ್ನೂರ ಹದಿನೆಂಟು. ಅದನ್ನು ಹೇಳುವಾಗ ನಮ್ಮವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ಸೊಸೆ ಸಮಾಧಾನ ಹೇಳಲು ಬರಲಿಲ್ಲ. ಒಂದು ಪೆನ್ಸಿಲ್ ಚೂಪು ಮಾಡಿ ನನ್ನ ಕೈಗೆ ಕೊಟ್ಟಳು. "ನಾನು ಬರೆದ್ರೆ ನಿಮ್ಮ ವರ್ಕ್‌ಶಾಪು ಬರಲ್ಲ ಮಾವ, ನನ್ನ ಮೇಷ್ಟ್ರ ಲೈಬ್ರರಿ ಬರುತ್ತೆ. ನೀವು ಬರೀರಿ, ನಾನು ನೋಡ್ತೀನಿ," ಅಂದಳು. ಅವಳಿಗೆ ನಾನು ಋಣಿಯಾಗಿರುವುದು ಬೇರೆ ಎಷ್ಟೋ ವಿಷಯಕ್ಕೆ. ಆದರೆ ಲೆಕ್ಕ ಹಿಡಿದರೆ ಆ ಪೆನ್ಸಿಲ್ಲಿನಿಂದಲೇ ಶುರುಮಾಡಬೇಕು.

ಅವಳು ಹೇಳಿಕೊಟ್ಟದ್ದು ಇಷ್ಟು. ಯಾವುದರ ಬಗ್ಗೆ ನೆನಪಿಡಬೇಕೋ ಅದಕ್ಕೊಂದು ಚೌಕ. ಅದರ ಬಗ್ಗೆ ಏನು ಗೊತ್ತೋ ಅದಕ್ಕೆ ಮೊಟ್ಟೆಯಂಥ ಒಂದು ಸುತ್ತು. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಯಾವುದೋ ಅದರ ಅಡಿಗೆ ಗೆರೆ. ಎರಡು ಚೌಕಗಳ ನಡುವೆ ಸಂಬಂಧ ಇದ್ದರೆ ಗಾಳಿಪಟದಂಥ ಒಂದು ಆಕಾರ, ಅದರೊಳಗೆ ಒಂದು ಕ್ರಿಯೆ: ಕೊಡುತ್ತಾರೆ, ತರುತ್ತಾರೆ, ಹಾಕಿಕೊಳ್ಳುತ್ತಾರೆ.

ಮಾರನೇ ಸಂಜೆಗೆ ನಾನು ಒಂದು ಹಾಳೆ ತುಂಬಿಸಿ ಇಟ್ಟಿದ್ದೆ. ಮೂವತ್ತನಾಲ್ಕು ಚೌಕ. ಲಿಫ್ಟಿನವರಿಗೆ ಒಂದು, ಟೈಲರ್ ಅಕ್ಕನಿಗೆ ಒಂದು, ಟೈಪಿಸ್ಟಿಗೆ ಒಂದು. ಸೊಸೆ ಹಾಳೆ ನೋಡಿ ತುಟಿ ಕಚ್ಚಿಕೊಂಡಳು. ಹೀಗಲ್ಲ ಮಾವ, ಇವರೆಲ್ಲರಿಗೂ ಸೇರಿ ಒಂದೇ ಚೌಕ, "ವ್ಯಕ್ತಿ" ಎಂದು ಅದರ ಹೆಸರು, ಎಷ್ಟು ಜನ ಬಂದರೂ ಅದೇ ಒಂದು ಸಾಕು ಎಂದಳು. ನನಗೆ ಮನಸ್ಸು ಒಪ್ಪಲಿಲ್ಲ. ಆ ಟೈಪಿಸ್ಟು ಯಾರ ಪಕ್ಕದಲ್ಲೂ ಕೂರುವವರಲ್ಲ, ಬೆಂಚಿನ ಮೇಲೆ ಬ್ಯಾಗು ಇಟ್ಟು ಜಾಗ ಹಿಡಿಯುವವರು. ಇಷ್ಟು ಜನರನ್ನು ಒಂದೇ ಚೌಕದಲ್ಲಿ ತುಂಬಿದರೆ ಜಗಳ ಆಡುತ್ತಾರೆ ಎಂದೆ. ಅವಳು ನಕ್ಕು, ಅದು ಕೋಣೆ ಅಲ್ಲ, ಖಾಲಿ ಫಾರಂ ಇದ್ದ ಹಾಗೆ ಎಂದಳು. ಎಲ್ಲರೂ ತುಂಬುವ ಫಾರಂ ಒಂದೇ, ತುಂಬಿದ್ದು ಬೇರೆ ಬೇರೆ. ಆಗ ಅರ್ಥವಾಯಿತು. ಮೂವತ್ತನಾಲ್ಕು ಚೌಕ ಅಳಿಸಿದೆ. ರಬ್ಬರಿನ ಪುಡಿ ಈ ಸಲ ನಾನೇ ಒರೆಸಿದೆ.

ಆಮೇಲೆ ಅವಳ ಸರದಿ. ವ್ಯಕ್ತಿಯ ಚೌಕಕ್ಕೆ "ಪಾದದ ಅಳತೆ" ಎಂದು ಒಂದು ಸುತ್ತು ಬರೆದಳು. ಯಾವ ಪಾದ ಎಂದು ಕೇಳಿದೆ. ಎರಡೂ ಒಂದೇ ಅಲ್ಲವಾ ಎಂದಳು. ಎರಡೂ ಒಂದೇ ಇದ್ದವರು ನಮ್ಮಲ್ಲಿಗೆ ಯಾಕೆ ಬರುತ್ತಾರೆ ಎಂದೆ. ಅವಳು ಸುತ್ತು ಅಳಿಸಿ, ಪಾದಕ್ಕೇ ಬೇರೆ ಚೌಕ ಮಾಡಿದಳು. ಗೆರೆಯ ತುದಿಯಲ್ಲಿ ಎಷ್ಟು ಎಂದು ಗುರುತು ಹಾಕಬೇಕಂತೆ.

"ಒಬ್ಬರಿಗೆ ಎರಡು ಪಾದ, ಬರೆದುಬಿಡ್ಲಾ?"

"ಎಲ್ಲರಿಗೂ ಎರಡಿರಲ್ಲ ಕಣಮ್ಮ. ಕೆಲವರಿಗೆ ಒಂದು."

"ಸೊನ್ನೆ?"

"ಸೊನ್ನೆ ಇರೋರು ನಮ್ಮ ಹತ್ರ ಬರಲ್ಲ. ಪಕ್ಕದ ಕೃತಕ ಕಾಲಿನವರ ಹತ್ರ ಹೋಗ್ತಾರೆ."

ಅವಳು ಗೆರೆಯ ತುದಿಯಲ್ಲಿ ಒಂದು ಅಥವಾ ಎರಡು ಎಂದು ಬರೆದುಕೊಂಡಳು. ಕ್ಲಾಸಿನಲ್ಲಿ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ, ಕೇಳಿದರೂ ಉತ್ತರ ಹೀಗೆ ಬರುವುದಿಲ್ಲ ಎಂದಳು.

ಗುರುತಿನ ವಿಷಯ ಹೇಳಬೇಕು. ಒಂದು ಎನ್ನುವುದಕ್ಕೆ ಗೆರೆಯ ತುದಿಯಲ್ಲಿ ಒಂದು ಅಡ್ಡ ಗೀಟು. ಅನೇಕ ಎನ್ನುವುದಕ್ಕೆ ಮೂರು ಬೆರಳು ಅಗಲಿಸಿದ ಹಾಗೆ ಮೂರು ಗೀಟು. ಇದಕ್ಕೆ ಕಾಗೆ ಕಾಲು ಎಂದು ಹೆಸರು ಎಂದಾಗ ನಾನು ತಮಾಷೆ ಅಂದುಕೊಂಡೆ. ನಿಜವಾಗಿ ಪುಸ್ತಕದಲ್ಲೇ ಹಾಗಿದೆಯಂತೆ. ಒಳಗಿನಿಂದ ನಮ್ಮವಳು, "ಇನ್ನು ಕಾಗೆಗಳೂ ಬೂಟು ಹೊಲಿಸೋಕೆ ಬರ್ತವಾ ನಿಮ್ಮಲ್ಲಿಗೆ? ಬೆರಳಿಗೊಂದು ತೇಪೆ ಹಾಕಿ ಕಳಿಸಿ," ಎಂದಳು. ಮುನ್ನೂರ ಹದಿನೆಂಟರ ವಿಷಯ ಕೇಳಿದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನ್ನ ಎದೆ ಸ್ವಲ್ಪ ಹಗುರಾಯಿತು.

ಐದನೆಯ ಸಂಜೆ ಪಾದಕ್ಕೂ ಅಚ್ಚಿಗೂ ಗೆರೆ ಎಳೆಯುವ ಕೆಲಸ. ಒಂದು ಪಾದಕ್ಕೆ ಒಂದು ಅಚ್ಚು ಎಂದು ನಾನೇ ಎರಡೂ ತುದಿಗೆ ಒಂದೊಂದು ಗೀಟು ಹಾಕಿದೆ. ಸೊಸೆ ಬೆರಳಿಟ್ಟು ಕೇಳಿದಳು: ಒಬ್ಬರ ಪಾದ ವಯಸ್ಸಾದ ಮೇಲೆ ಬದಲಾದರೆ? ಬೇರೆ ಅಚ್ಚಿಗೆ ಹೋಗುತ್ತಾರೆ ಎಂದೆ. ಹಾಗಾದರೆ ಅಚ್ಚಿನ ಕಡೆ ಕಾಗೆ ಕಾಲು. ಒಂದು ಅಚ್ಚಿನ ಮೇಲೆ ಒಬ್ಬರೇ ನಡೆಯುತ್ತಾರಾ? ಇಲ್ಲ, ಒಬ್ಬರ ನಂತರ ಒಬ್ಬರು. ತೊಂಬತ್ತರ ಮೇಲೆ ಮೂರು ಜನ ನಡೆದಿದ್ದಾರೆ. ಹಾಗಾದರೆ ಪಾದದ ಕಡೆಗೂ ಕಾಗೆ ಕಾಲು.

ಎರಡೂ ತುದಿಯಲ್ಲಿ ಕಾಗೆ ಕಾಲಿದ್ದ ಆ ಗೆರೆಯನ್ನು ಅವಳು ಬೆರಳಿನಿಂದ ತಟ್ಟಿದಳು. ಆಮೇಲೆ ಎದ್ದು ಹೋಗಿ ತನ್ನ ಚೀಲದಿಂದ ಮೇಷ್ಟ್ರು ವಾಪಸ್ಸು ಕಳಿಸಿದ್ದ ಲೈಬ್ರರಿಯ ಚಿತ್ರ ತಂದು ಪಕ್ಕಕ್ಕೆ ಇಟ್ಟಳು. ಅದರಲ್ಲೂ ಪುಸ್ತಕಕ್ಕೂ ಸದಸ್ಯರಿಗೂ ನಡುವೆ ಅದೇ ಗೆರೆ, ಅದರ ಮೇಲೇ ಮೇಷ್ಟ್ರ ಕೆಂಪು ಸುತ್ತು.

"ಎರಡೂ ಕಡೆ ಅನೇಕ ಬಂದ್ರೆ ಗೆರೆ ಮುರಿದು ನಡುವೆ ಒಂದು ಚೌಕ ಇಡಿ ಅಂತ ಹೇಳಿದ್ರು ಮಾವ. ಯಾಕೆ ಅಂತ ನನಗೆ ಹೊಳೆದೇ ಇರಲಿಲ್ಲ," ಅಂದಳು. "ಯಾವಾಗಿನಿಂದ, ಯಾವಾಗಿನವರೆಗೆ ಅನ್ನೋದನ್ನ ಎಲ್ಲಿ ಬರೀತೀವಿ? ಅದು ಪಾದದ್ದೂ ಅಲ್ಲ, ಅಚ್ಚಿನದ್ದೂ ಅಲ್ಲ."

ನಮ್ಮ ರಿಜಿಸ್ಟರಿನಲ್ಲಿ ಇಲ್ಲದ ಜಾಗ ಅದೇ. ಮೇಸ್ತ್ರಿಗೂ ನನಗೂ ಐವತ್ತು ವರ್ಷ ಕಾಣದೇ ಹೋದ ಆ ಖಾಲಿ ಜಾಗದ ಮೇಲೆ ಅವಳು ಗೆರೆ ಮುರಿದು ಒಂದು ಚೌಕ ಬರೆದಳು. ಎರಡು ಕಾಗೆ ಕಾಲುಗಳೂ ತಿರುಗಿ ಆ ನಡುವಿನ ಚೌಕದ ಕಡೆಗೆ ಬಂದು ನಿಂತವು. ಇದಕ್ಕೆ ಹೆಸರು ನೀವೇ ಇಡಬೇಕು ಎಂದಳು. ನಾನು "ನಡಿಗೆ" ಎಂದೆ. ಅವಳು ಬರೆದುಕೊಂಡಳು.

ಆ ವಾರವೇ ಅವಳು ಲೈಬ್ರರಿಯ ಚಿತ್ರ ತಿದ್ದಿ ಕಳಿಸಿದಳು. ಅದು ವಾಪಸ್ಸು ಬರಲಿಲ್ಲ.

ಉಳಿದ ದಿನಗಳಲ್ಲಿ ನಡಿಗೆಯ ಚೌಕವನ್ನು ತುಂಬಿದೆವು. ಮೊದಲು ಈಗ ನಡೆಯುತ್ತಿರುವವರು ಮಾತ್ರ, ಹಿಂದಿನವರನ್ನು ಆಮೇಲೆ ಸೇರಿಸಬಹುದು ಎಂದಳು ಸೊಸೆ. ನಾನು ಪಟ್ಟಿಯ ಪ್ರಕಾರ ನಂಬರು ಹೇಳುವುದು, ಯಾರು, ಯಾವ ಕಾಲು, ಯಾವಾಗಿನಿಂದ ಎಂದು ಹೇಳುವುದು, ಅವಳು ಒಂದೊಂದು ಸಾಲು ಬರೆಯುವುದು. ಇನ್ನೂರ ಎರಡು ಸಾಲು ಬರೆಯುವಷ್ಟರಲ್ಲಿ ಅವಳ ಬೆರಳಿನ ತುದಿ ಕಪ್ಪಾಗಿತ್ತು. ನಡುವೆ ನಮ್ಮವಳೂ ಕೂತು ಸಹಾಯ ಮಾಡಿದಳು. ನಾನು ಯಾರ ಬಗ್ಗೆಯಾದರೂ ಕತೆ ಹೇಳಲು ಶುರುಮಾಡಿದರೆ, ಕತೆಗೆ ಕಾಲಂ ಇಲ್ಲ, ಮುಂದಿನ ನಂಬರು ಹೇಳಿ ಎನ್ನುತ್ತಿದ್ದಳು. ಎಂಟು ಅಚ್ಚುಗಳ ಮೇಲೆ ಈಗ ಯಾರೂ ನಡೆಯುತ್ತಿರಲಿಲ್ಲ. ಅವನ್ನು ಹಾಗೇ ಬರೆಸಿದೆ. ಒಂದು ನಂಬರನ್ನು ನಾನು ಬೇಕೆಂದೇ ಹಾರಿಸಿದೆ, ಅದು ಆಮೇಲೆ ಹೇಳುತ್ತೇನೆ.

ಉಳಿದದ್ದು ಮುನ್ನೂರ ಹದಿನೆಂಟು. ಅದರ ಎದುರು ಏನೂ ಇರಲಿಲ್ಲ. ಅದನ್ನೂ ಯಾರೂ ಇಲ್ಲದ್ದರ ಜೊತೆಗೆ ಸೇರಿಸಿಬಿಡು ಎಂದೆ. ಅದರ ಮೇಲೆ ಯಾರೋ ನಡೆಯುತ್ತಿದ್ದಾರೆ, ಇವತ್ತಲ್ಲ ನಾಳೆ ಸವೆದ ಬೂಟು ಹಿಡಿದು ಬರುತ್ತಾರೆ, ಆಗ ನಾನು ಏನು ಹೇಳಲಿ?

ಸೊಸೆ ಒಪ್ಪಲಿಲ್ಲ. ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ ನನ್ನ ಜೊತೆ ವರ್ಕ್‌ಶಾಪಿಗೆ ಬಂದಳು. ಬದುಕಿರುವವರ ಕಾರ್ಡುಗಳ ಪೆಟ್ಟಿಗೆ ತರಿಸಿ, ಒಂದೊಂದೇ ಕಾರ್ಡು ತೆಗೆದು, ಅದರಲ್ಲಿ "ಅಚ್ಚು ಇದೆ" ಎಂದು ಎಷ್ಟು ಕಾಲಿಗೆ ಬರೆದಿದೆ, ಅವರ ಹೆಸರಲ್ಲಿ ಎಷ್ಟು ಅಚ್ಚು ಸಿಕ್ಕಿವೆ ಎಂದು ಹೋಲಿಸುತ್ತಾ ಬಂದಳು. ಎರಡು ಕಾಲಿಗೂ ಅಚ್ಚು ಇರಬೇಕು, ಆದರೆ ಸಿಕ್ಕಿರುವುದು ಒಂದೇ, ಅಂಥವರು ಯಾರು? ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಕಾರ್ಡು ಹೊರಗೆ ಉಳಿಯಿತು. ಶಾಲೆಯಲ್ಲಿ ಗಂಟೆ ಬಾರಿಸುವವರು.

ಆ ಮಾತು ಕೇಳಿದ ಕೂಡಲೇ ಎಲ್ಲ ಬಂತು. ದಪ್ಪ ಧ್ವನಿಯ ಹೆಂಗಸು. ಐದು ವರ್ಷದ ಹಿಂದೆ ಎಡಗಾಲಿಗೆ ಆಪರೇಷನ್ ಆದ ಮೇಲೆ ಮುನ್ನೂರ ಹದಿನೆಂಟಕ್ಕೆ ಬಂದವರು. ಕಿಟಕಿಯ ಗಾಜು ಒಡೆದ ಸದ್ದಿಗೆ, ನಾನು ಗಂಟೆ ಬಾರಿಸೋ ಮೊದಲೇ ನಿಮ್ಮಲ್ಲಿ ಗಂಟೆ ಬಾರಿಸ್ತಾರಾ ಎಂದು ಕೇಳಿದವರು. ಆಮೇಲೆ ಒಂದು ಸಲವೂ ಬಂದಿರಲಿಲ್ಲ. ಸೊಸೆ ಮುನ್ನೂರ ಹದಿನೆಂಟರ ಸಾಲು ಬರೆದಳು.

ಹನ್ನೆರಡನೆಯ ದಿನ ಮ್ಯಾನೇಜರು ಬಂದರು. ಸೊಸೆ ಮೇಜಿನ ಮೇಲೆ ಚಿತ್ರ ಹಾಸಿ, ಸಾಲುಗಳ ಹಾಳೆ ಪಕ್ಕದಲ್ಲಿಟ್ಟಳು. ಅವಳೇ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ನಾನೇ ಹೇಳಿದೆ. ಇದು ವ್ಯಕ್ತಿ, ಇದು ಪಾದ, ಇದು ಅಚ್ಚು, ಇದು ನಡಿಗೆ. ಕೆಂಪು ಗೆರೆ ಬೀಳುವುದು ವ್ಯಕ್ತಿಗೆ ಸಾರ್, ಅಚ್ಚಿಗಲ್ಲ. ನಮ್ಮ ರಿಜಿಸ್ಟರು ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡಿಸಿಬಿಟ್ಟಿತ್ತು ಎಂದೆ.

ಅವರು ಬಗ್ಗಿ ನಿಧಾನವಾಗಿ ನೋಡಿದರು. ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, ಚಿತ್ರ ಚೆನ್ನಾಗಿದೆ, ಆದರೆ ಸಾಲುಗಳನ್ನು ಹೇಳಿದವರು ನೀವೇ ಅಲ್ಲವಾ ಎಂದರು. ತಪ್ಪು ಕೇಳಲಿಲ್ಲ ಅವರು.

ನಾನು ಕಪಾಟಿನಿಂದ ಮುನ್ನೂರ ಹದಿನೆಂಟನ್ನು ತಂದು ಅವರ ಕೈಗೆ ಕೊಟ್ಟೆ. "ಇದು ಯಾರದು ಅಂತ ನಾನು ಮರೆತಿದ್ದೆ ಸಾರ್. ಈ ಕಾಗದ ಹುಡುಕಿ ಕೊಡ್ತು. ನನ್ನನ್ನ ನಂಬಬೇಡಿ, ಇದನ್ನ ಪರೀಕ್ಷೆ ಮಾಡಿ," ಎಂದೆ. ಮರೆತೆ ಎಂದು ಆ ಕೋಣೆಯಲ್ಲಿ ನಿಂತು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ.

ಗಂಟೆಯಮ್ಮನಿಗೆ ಹಿಂದಿನ ದಿನವೇ ಹೇಳಿಕಳಿಸಿದ್ದೆವು. ಶಾಲೆಯ ಊಟದ ಬಿಡುವಿನಲ್ಲಿ ಬಂದರು. ಬೂಟಿಗೆ ಮೂರು ಕಡೆ ಹೊಲಿಗೆ ಹಾಕಿಸಿಕೊಂಡಿದ್ದರು. ಇಷ್ಟು ದೂರ ಬರುವ ಬದಲು ಹಾಗೇ ಸಾಗಿಸುತ್ತಿದ್ದೆ ಎಂದರು. ಮ್ಯಾನೇಜರು ನಡೆದದ್ದನ್ನು ವಿವರಿಸಿದಾಗ ನನ್ನ ಕಡೆ ತಿರುಗಿ, "ಮುಖ ಮರೆಯೋರನ್ನ ನೋಡಿದ್ದೀನಪ್ಪ. ಕಾಲು ಮರೆಯೋರನ್ನ ಇವತ್ತೇ ನೋಡಿದ್ದು," ಎಂದರು. ನನಗೆ ತಲೆ ತಗ್ಗಿಸುವುದಕ್ಕಿಂತ ಮೊದಲು ನಗು ಬಂತು.

ಎಡಗಾಲ ಬೂಟು ಬಿಚ್ಚಿ ಕೊಟ್ಟರು. ಮ್ಯಾನೇಜರು ತಮ್ಮ ಕೈಯಿಂದಲೇ ಅಚ್ಚನ್ನು ಅದರೊಳಗೆ ಇಳಿಸಿದರು. ಐದು ವರ್ಷ ನಡೆದು ನಡೆದು ಚರ್ಮ ಪಾದದ ಆಕಾರಕ್ಕೆ ಬಂದಿತ್ತು. ಅಚ್ಚು ಹಿಮ್ಮಡಿಯವರೆಗೆ ಸದ್ದಿಲ್ಲದೆ ಜಾರಿ ಕೂತಿತು. ಹೆಬ್ಬೆರಳಿನ ಬುಡದಲ್ಲಿದ್ದ ತೇಪೆ ಚರ್ಮದ ಉಬ್ಬಿಗೆ ಸರಿಯಾಗಿ ಸೇರಿತು. ಅವರು ಎಳೆದು ನೋಡಿದರು, ತಿರುಗಿಸಿ ನೋಡಿದರು.

"ಮೇಲಿನ ಕೋಣೆಯಲ್ಲಿ ಸೂರಿನವರೆಗೆ ಹಲಗೆ ಹೊಡೆಸ್ತೀನಿ," ಅಂದರು. "ಕಂಪ್ಯೂಟರ್ ಹಾಕೋರಿಗೆ ಈ ಚಿತ್ರ ಕೊಡಬೇಕು. ಇದರ ಪ್ರಕಾರ ಮಾಡ್ಲಿ."

ಯಾರೂ ನಡೆಯದ ಆ ಎಂಟು ಅಚ್ಚುಗಳನ್ನು ಮಾತ್ರ ಉಳಿಸಿಕೊಳ್ಳಲು ಆಗಲಿಲ್ಲ. ಅಷ್ಟು ಹಲಗೆಗೂ ಅವು ಹೆಚ್ಚಾಗುತ್ತಿದ್ದವು. ನಾನೇ ಬಾಯ್ಲರಿನವರೆಗೆ ಹೊತ್ತುಕೊಂಡು ಹೋದೆ. ಕೊಡುವ ಮೊದಲು ಒಂದೊಂದರ ನಂಬರನ್ನೂ ಜೋರಾಗಿ ಓದಿದೆ. ಬಾಯ್ಲರಿನವರು ಟೋಪಿ ತೆಗೆದು ಪಕ್ಕಕ್ಕೆ ನಿಂತರು. ಆ ಎಂಟೂ ನಂಬರುಗಳು ಸೊಸೆಯ ಹಾಳೆಯಲ್ಲಿವೆ. ಮೇಸ್ತ್ರಿ ಇದ್ದಿದ್ದರೆ ಅಷ್ಟಕ್ಕಾದರೂ ಒಪ್ಪುತ್ತಿದ್ದರು ಎಂದುಕೊಂಡಿದ್ದೇನೆ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸೊಸೆ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸುತ್ತಾ ಲೆಕ್ಕ ಹಾಕುತ್ತಿದ್ದಳು. ಇನ್ನೂರ ಎರಡು, ಗಂಟೆಯಮ್ಮ ಸೇರಿ ಇನ್ನೂರ ಮೂರು, ಬಾಯ್ಲರಿಗೆ ಎಂಟು. ಇನ್ನೂರ ಹನ್ನೊಂದು ಆಯಿತು, ಒಂದು ಕಡಿಮೆ ಬರುತ್ತಿದೆ ಎಂದಳು. ಪಟ್ಟಿಯ ಮೇಲೆ ಬೆರಳು ಇಳಿಸುತ್ತಾ ಹೋಗಿ ನಲವತ್ತೊಂದರ ಹತ್ತಿರ ನಿಲ್ಲಿಸಿದಳು.

"ಗಡಿಯಾರ ರಿಪೇರಿಯವರು, ಬಲಗಾಲು, ಕೆಂಪು ಗೆರೆ. ಇದನ್ನ ನಾವು ಬರೆದೇ ಇಲ್ಲ ಮಾವ. ಇದರ ಮೇಲೆ ಈಗ ಯಾರು?"

ನಾನು ಮೇಜಿನ ಕೆಳಗಿನಿಂದ ಬಲಗಾಲು ಹೊರಗೆ ಚಾಚಿದೆ.

ನನ್ನ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿದ್ದು. ದಪ್ಪ ಅಟ್ಟೆಯ ಬೂಟು ಹಾಕುತ್ತೇನೆ ಎನ್ನುವುದು ಮನೆಯವರಿಗೆಲ್ಲ ಗೊತ್ತು. ಅದನ್ನು ಹೊಲಿದ ಅಚ್ಚು ಬೇರೆಯವರದು ಎಂದು ನಾನು ಯಾರಿಗೂ ಹೇಳಿರಲಿಲ್ಲ, ಕೆಲಸದವನಾದ್ದರಿಂದ ನನ್ನ ಹೆಸರಿಗೆ ಕಾರ್ಡೂ ಇರಲಿಲ್ಲ. ಹತ್ತೊಂಬತ್ತಕ್ಕೆ ಪಾದ ಬೆಳೆಯುವುದು ನಿಂತಾಗ ಮೇಸ್ತ್ರಿ ನಲವತ್ತೊಂದನ್ನು ಉಜ್ಜಿ ನನಗೆ ಹೊಂದಿಸಿದರು. ಯಾರು ಅವರು ಎಂದು ಕೇಳಿದ್ದಕ್ಕೆ, ಒಳ್ಳೆಯ ಗಡಿಯಾರ ಮಾಡುತ್ತಿದ್ದರು, ಅಷ್ಟು ಸಾಕು ಎಂದಿದ್ದರು.

ಇದನ್ನು ಯಾಕೆ ಹಾರಿಸಿದಿರಿ ಎಂದು ಸೊಸೆ ಕೇಳಿದಳು. ನನ್ನ ಬೂಟಿಗೋಸ್ಕರ ಜಗಳ ಆಡುತ್ತಿದ್ದೇನೆ ಎಂದು ಮ್ಯಾನೇಜರು ತಿಳಿದುಕೊಂಡರೆ ಉಳಿದವರದೂ ಹೋಗುತ್ತಿತ್ತು ಎಂದೆ. ನಮ್ಮವಳು ಬಾಗಿಲ ಹತ್ತಿರ ಇದ್ದ ನನ್ನ ಬೂಟನ್ನು ಎತ್ತಿ ಅದರ ಧೂಳು ಒರೆಸಿ ಕೆಳಗಿಟ್ಟಳು.

ಸೊಸೆ ಎರಡು ಸಾಲು ಬರೆದಳು. ಮೊದಲನೆಯದು ಗಡಿಯಾರದವರದು. ಅವರ ಯಾವಾಗಿನಿಂದ, ಯಾವಾಗಿನವರೆಗೆ ಎರಡೂ ರಿಜಿಸ್ಟರಿನಲ್ಲಿದ್ದವು. ಎರಡನೆಯದು ನನ್ನದು. ನನ್ನ ಹತ್ತೊಂಬತ್ತನೆಯ ವರ್ಷ ಬರೆದಳು. ಯಾವಾಗಿನವರೆಗೆ ಎನ್ನುವ ಕಡೆ ಪೆನ್ಸಿಲ್ ಎತ್ತಿದಳು.

ಖಾಲಿ ಬಿಟ್ಟರೆ ನಿನ್ನ ಮೇಷ್ಟ್ರು ಬೈಯುವುದಿಲ್ಲವಾ ಎಂದು ಕೇಳಿದೆ.

"ಈ ಕಾಲಂ ಖಾಲಿ ಇರಬಹುದು ಮಾವ. ಖಾಲಿ ಇದ್ರೆ ಇನ್ನೂ ನಡೀತಿದ್ದಾರೆ ಅಂತ."

"ನಡೀತಿದ್ರೆ ಹೋಗಿ ಹಾಲು ತರ್ಲಿ," ನಮ್ಮವಳು ಒಳಗೆ ಹೋಗುತ್ತಾ ಅಂದಳು. "ಮಧ್ಯಾಹ್ನವೇ ಮುಗಿದಿದೆ."

ಬೂಟು ಹಾಕಿಕೊಂಡೆ. ಬಲಗಾಲಿನ ಲೇಸು ಎರಡು ಸಲ ಬಿಗಿದೆ, ಅದು ಹಾಗೇ, ಒಂದು ಸಲಕ್ಕೆ ನಿಲ್ಲುವುದಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದಾಗ, ನಾನು ಎಂದೂ ನೋಡಿರದ ಆ ಗಡಿಯಾರದವರಿಗೂ ಅವರ ಪಾದವನ್ನು ಒಲೆಗೆ ಹಾಕದ ಮೇಸ್ತ್ರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಹಾಲಿನಂಗಡಿಯವರೆಗೆ ಇನ್ನೂರು ಹೆಜ್ಜೆ. ಆವತ್ತು ಎಣಿಸುತ್ತಾ ಹೋದೆ.